ರಿಪೋರ್ಟ್‌ನಲ್ಲಿ ‘ಗಡ್ಡೆ’ ಅಂತಿದ್ದರೆ

ಕಲಾಸಿಪಾಳ್ಯದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿರೋ ನಮ್ಮ ದೊಡ್ಡಪ್ಪನ ಕಣ್ಣು ಕಳೆದ ವರ್ಷ ಹಳದಿಯಾಯ್ತು. ನೋವಿಲ್ಲ, ಜ್ವರವಿಲ್ಲ, ಮೈ ಕೆರೆತ ಮಾತ್ರ. “ಕಾಮಾಲೆ ಕಣಪ್ಪಾ, ಸೊಪ್ಪಿನ ಔಷಧಿ ಸಾಕು” ಅಂತ ಎರಡು ವಾರ ತಳ್ಳಿದರು. ಆಮೇಲೆ ಸಿಟಿ ಸ್ಕ್ಯಾನ್ ಮಾಡಿಸಿದಾಗ ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಗಡ್ಡೆ. ರಕ್ತದಲ್ಲಿ ಸಿಎ 19-9 ಕೂಡ ಜಾಸ್ತಿ.

ರಿಪೋರ್ಟ್ ಬಂದಿದ್ದು ನನ್ನ ವಾಟ್ಸಾಪ್‌ಗೆ. ಗೂಗಲ್ ಮಾಡಿ ಹತ್ತೇ ನಿಮಿಷದಲ್ಲಿ ಕ್ಯಾನ್ಸರ್ ಅಂತ ತೀರ್ಮಾನಿಸಿಬಿಟ್ಟೆ. ದೊಡ್ಡಮ್ಮನಿಗೆ ಹೇಗೆ ಹೇಳೋದು ಅಂತ ಗೊತ್ತಾಗದೆ ಬಸ್ ಸ್ಟ್ಯಾಂಡ್ ಹತ್ತಿರ ಅರ್ಧ ಗಂಟೆ ನಿಂತಿದ್ದೆ.

“ಕ್ಯಾನ್ಸರ್ ಇರಬಹುದು. ಆದ್ರೆ ಇನ್ನೂ ಗೊತ್ತಿಲ್ಲ” ಅಂದರು ಡಾಕ್ಟರ್. ಪಿತ್ತನಾಳ ಕಟ್ಟಿಕೊಂಡರೂ ಸಿಎ 19-9 ಏರುತ್ತಂತೆ. ನಮ್ಮ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬಿದ್ದು ಉರಿಯೂತ ಆದಾಗಲೂ ಸ್ಕ್ಯಾನ್‌ನಲ್ಲಿ ಥೇಟ್ ಗಡ್ಡೆ ಥರಾನೇ ಕಾಣಬಹುದು. ಇದಕ್ಕೆ ಆಟೋಇಮ್ಯೂನ್ ಪ್ಯಾಂಕ್ರಿಯಾಟೈಟಿಸ್ ಅಂತಾರೆ. ಇಂಥ ರೋಗಿಗಳ ರಕ್ತದಲ್ಲಿ ಐಜಿಜಿ4 ಹೆಚ್ಚಿರುತ್ತೆ ಅಂತ 2001ರಲ್ಲಿ ಜಪಾನಿನ ವೈದ್ಯರು ತೋರಿಸಿದರು. ಆದರೆ ಕ್ಯಾನ್ಸರ್ ಇರೋ ಕೆಲವರಲ್ಲೂ ಅದು ಸ್ವಲ್ಪ ಏರುತ್ತೆ. ಹಾಗಾಗಿ ಒಂದೇ ಟೆಸ್ಟ್ ನಂಬೋ ಹಾಗಿಲ್ಲ.

ಎರಡೂ ಕಡೆ ಅಪಾಯ ಇದೆ. ಉರಿಯೂತವನ್ನ ಕ್ಯಾನ್ಸರ್ ಅಂದುಕೊಂಡರೆ ಬೇಡದ ದೊಡ್ಡ ಆಪರೇಷನ್. ಕ್ಯಾನ್ಸರನ್ನ ಉರಿಯೂತ ಅಂದುಕೊಂಡರೆ ಆಪರೇಷನ್ ಮಾಡಬಹುದಾದ ಸಮಯವೇ ಕೈ ತಪ್ಪಬಹುದು.

ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮಾಡಿ, ಸೂಜಿಯಿಂದ ಸಣ್ಣ ತುಣುಕು ತೆಗೆದರು. ಕ್ಯಾನ್ಸರ್ ಕೋಶ ಸಿಗಲಿಲ್ಲ. ನಾನು ಉಸಿರು ಬಿಡೋಷ್ಟರಲ್ಲಿ ಡಾಕ್ಟರ್, “ಸಿಗಲಿಲ್ಲ ಅಂದ್ರೆ ಇಲ್ಲ ಅಂತಲ್ಲ” ಅಂದರು. ಐಜಿಜಿ4 ಚೆನ್ನಾಗೇ ಏರಿತ್ತು. ಎಲ್ಲ ಸೇರಿಸಿ ನೋಡಿ, ಎರಡು ವಾರ ಸ್ಟೀರಾಯ್ಡ್ ಕೊಟ್ಟು ಮತ್ತೆ ಸ್ಕ್ಯಾನ್. ಊತ ಇಳಿಯದಿದ್ದರೆ ಕ್ಯಾನ್ಸರ್ ಅನುಮಾನಕ್ಕೇ ವಾಪಸ್. ಆ ಎರಡು ವಾರ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಊತ ಇಳಿದಿತ್ತು.

ದೊಡ್ಡಪ್ಪ ಈಗ ಅಂಗಡಿಯಲ್ಲಿದ್ದಾರೆ. ಸ್ಟೀರಾಯ್ಡಿಂದ ಶುಗರ್ ಏರಿದೆ, ಕಾಯಿಲೆ ಮರುಕಳಿಸಬಹುದು ಅಂತ ಚೆಕಪ್ ನಡೀತಾನೇ ಇದೆ. ಸಕ್ಕರೆ ಇಲ್ಲದ ಕಾಫಿಗೆ ದಿನಾ ಬೈತಾರೆ.

ಎಲ್ಲರಿಗೂ ಹೀಗೇ ಆಗಲ್ಲ, ಇಂಥ ಗಡ್ಡೆಗಳಲ್ಲಿ ಕ್ಯಾನ್ಸರೇ ಹೆಚ್ಚು. ಅದಕ್ಕೇ ಕಣ್ಣು ಹಳದಿಯಾದರೆ ಸೊಪ್ಪಿನ ಔಷಧಿ ಅಂತ ದಿನ ಕಳೀಬೇಡಿ. ನಮ್ಮ ಏರಿಯಾದವರಿಗೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಸರ್ಕಾರಿ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ ಇದೆ. ರಿಪೋರ್ಟ್ ಕೈಗೆ ಬಂದ ದಿನ ನನ್ನ ಥರ ಗೂಗಲ್ ಮಾಡ್ಕೊಂಡು ನಿಲ್ಲಬೇಡಿ. “ಇದು ಉರಿಯೂತವೂ ಆಗಿರಬಹುದಾ? ಖಚಿತ ಮಾಡ್ಕೊಳ್ಳೋದು ಹೇಗೆ?” ಅಂತ ಡಾಕ್ಟರನ್ನೇ ಕೇಳಿ.