ದುಡಿಯುವವಳೇ ಫೀಸೂ ಕಟ್ಟಬೇಕೇ?

ಬಿಎಸ್ಸಿ ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ಈಗ ಎಲ್ಲೆಡೆ ಒಂದೇ ಉಪದೇಶ. ಬರೀ ನರ್ಸ್ ಆದರೆ ಸಾಲದು. ಕ್ರಿಟಿಕಲ್ ಕೇರ್, ನವಜಾತ ಶಿಶು, ಕ್ಯಾನ್ಸರ್ ಹೀಗೆ ಯಾವುದಾದರೊಂದರಲ್ಲಿ ಪೋಸ್ಟ್ ಬೇಸಿಕ್ ಡಿಪ್ಲೊಮಾ ಮಾಡಿಕೊಳ್ಳಿ, ಸಂಬಳ ತಾನಾಗಿ ಏರುತ್ತದೆ! ಮಗಳ ನಾಲ್ಕು ವರ್ಷದ ಪದವಿಗೆ ಬಳೆ ಅಡವಿಟ್ಟ ತಾಯಿಯ ಬಳಿ ಇನ್ನು ಅಡವಿಡಲು ಏನು ಉಳಿದಿದೆ ಎಂದು ಈ ಉಪದೇಶಕರು ಕೇಳುವುದಿಲ್ಲ.

ವಿಶೇಷ ತರಬೇತಿಯೇ ಬೇಡ ಎಂಬುದು ನಮ್ಮ ವಾದವಲ್ಲ. 2020-21ರ ಕೋವಿಡ್ ದಿನಗಳಲ್ಲಿ ಹಲವು ಆಸ್ಪತ್ರೆಗಳಿಗೆ ವೆಂಟಿಲೇಟರ್‌ಗಳು ಬಂದವು, ನಡೆಸಬಲ್ಲ ಕೈಗಳು ಸಾಲದೆ ಮೂಲೆ ಸೇರಿದವು. ಯಂತ್ರವನ್ನು ಒಂದು ದಿನದಲ್ಲಿ ಖರೀದಿಸಬಹುದು, ಅದರ ಪಕ್ಕ ನಿಲ್ಲುವ ನರ್ಸನ್ನು ಹಾಗೆ ಖರೀದಿಸಲಾಗದು. ರೋಗಿಯ ಉಸಿರು ಸ್ವಲ್ಪ ಬದಲಾದರೂ ಡಾಕ್ಟರಿಗಿಂತ ಮೊದಲು ಗುರುತಿಸುವವಳು ಅವಳೇ. ಆ ಕಲಿಕೆಗೆ ಬೆಲೆ ಇದೆ. ಆದರೆ ಆ ಬೆಲೆಯನ್ನು ಯಾರು ತೆರಬೇಕು?

ಭಾರತೀಯ ನರ್ಸಿಂಗ್ ಕೌನ್ಸಿಲ್ ರೂಪಿಸಿದ ಈ ಡಿಪ್ಲೊಮಾ ಒಂದು ವರ್ಷದ ರೆಸಿಡೆನ್ಸಿ ಕೋರ್ಸು. ಹತ್ತರಲ್ಲಿ ಒಂದು ಪಾಲು ಪಾಠ, ಒಂಬತ್ತು ಪಾಲು ವಾರ್ಡಿನ ಕೆಲಸ. ರಾತ್ರಿ ಪಾಳಿಯೂ ಉಂಟು. ಸೇರುವವಳು ಈಗಾಗಲೇ ನೋಂದಾಯಿತ ನರ್ಸ್. ಆದ್ದರಿಂದಲೇ ಕ್ರಿಟಿಕಲ್ ಕೇರ್ ಪಠ್ಯಕ್ರಮದಲ್ಲಿ ಕೌನ್ಸಿಲ್ ಸ್ಪಷ್ಟವಾಗಿ ಬರೆದಿದೆ: ಸೇವೆಯಲ್ಲಿರುವವರಿಗೆ ಅವರ ಸಂಬಳ ಮುಂದುವರಿಯಬೇಕು, ಉಳಿದವರಿಗೆ ಆಸ್ಪತ್ರೆಯ ವೇತನ ಪದ್ಧತಿಯಂತೆ ಕೊಡಬೇಕು. ಪ್ರವೇಶ ಕೇಳಿಕೊಂಡು ಹೋದವರಿಗೆ ಈ ಸಾಲನ್ನು ತೋರಿಸುವವರು ಎಷ್ಟು ಮಂದಿ? ಫೀಸಿನ ಪಟ್ಟಿಯಂತೂ ತಪ್ಪದೆ ಸಿಗುತ್ತದೆ.

ಫೀಸಿಗಿಂತ ದೊಡ್ಡದು ಆ ಒಂದು ವರ್ಷದ ಸಂಬಳ. 2016ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ಕೇಂದ್ರ ಸರಕಾರ ನೇಮಿಸಿದ ಸಮಿತಿ, ಖಾಸಗಿ ಆಸ್ಪತ್ರೆ ಎಷ್ಟೇ ಚಿಕ್ಕದಾಗಿದ್ದರೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200ಕ್ಕೂ ಹೆಚ್ಚು ಹಾಸಿಗೆಗಳಿದ್ದರೆ ಸರಕಾರಿ ನರ್ಸ್‌ನಷ್ಟೇ ಕೊಡಬೇಕು ಎಂದಿತು. ಆ ಕನಿಷ್ಠ ಲೆಕ್ಕ ಹಿಡಿದರೂ ಸಂಬಳವಿಲ್ಲದೆ ಒಂದು ವರ್ಷ ಕಲಿತವಳು 2,40,000 ರೂಪಾಯಿ ಕಳೆದುಕೊಂಡಳು. (ಆ ಕನಿಷ್ಠವೂ ಕೈಗೆ ಬಾರದ ನರ್ಸುಗಳು ನಮ್ಮ ಊರುಗಳಲ್ಲೇ ಇದ್ದಾರೆ, ಆ ಮಾತು ಬೇರೆ.) ಇನ್ನೊಂದು ವಿಷಯ ಗಮನಿಸಿ. ಸಮಿತಿ ವೇತನದ ಹಂತಗಳನ್ನು ಅಳೆದದ್ದು ಆಸ್ಪತ್ರೆಯ ಹಾಸಿಗೆಗಳಿಂದ, ನರ್ಸ್‌ನ ವಿಶೇಷ ತರಬೇತಿಯಿಂದಲ್ಲ. ಹಾಗಿರುವಾಗ ಡಿಪ್ಲೊಮಾ ಮಾಡಿದೊಡನೆ ಸಂಬಳ ಏರುತ್ತದೆ ಎಂಬ ಭರವಸೆಗೆ ಆಧಾರವೇನು?

ಗಲ್ಫಿಗೆ ಹೋಗಬಹುದಲ್ಲ ಎನ್ನುತ್ತಾರೆ. ಹೋಗಲಿ. ಅಲ್ಲಿ ಪರವಾನಗಿಗೆ ನೋಡುವುದು ಮೂಲ ವಿದ್ಯಾರ್ಹತೆ, ನೋಂದಣಿ, ಪರೀಕ್ಷೆ ಮತ್ತು ಅನುಭವ. ಐಸಿಯುನಲ್ಲಿ ಸಂಬಳ ಪಡೆದು ದುಡಿದ ವರ್ಷವೂ ಅನುಭವವೇ.

ಸಂಬಳದ ಮಾತೆತ್ತಿದರೆ ಸಾಕು, ನರ್ಸಿಂಗ್ ಎಂದರೆ ಸೇವೆ, ನೈಟಿಂಗೇಲ್ ಹಣ ಕೇಳಿದ್ದಳೇ ಎಂದು ಬಾಯಿ ಮುಚ್ಚಿಸುವವರಿದ್ದಾರೆ. ಇವರು ಮೇ 12ರಂದು ಮೇಣದ ಬತ್ತಿ ಹಚ್ಚುವುದಷ್ಟೇ ಬಲ್ಲರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ಹೆಸರಿನ ನಿಧಿಯಿಂದ ನರ್ಸಿಂಗ್ ಶಾಲೆ ತೆರೆಯಿತು. ಅಲ್ಲಿ ಕಲಿಯುವವರಿಗೆ ಊಟ, ವಸತಿ, ಸಮವಸ್ತ್ರದ ಜೊತೆಗೆ ವರ್ಷಕ್ಕೆ 10 ಪೌಂಡ್ ಕೊಡಲಾಗುತ್ತಿತ್ತು. ನೂರಾ ಅರವತ್ತು ವರ್ಷಗಳ ನಂತರ ನಾವು ಅದೇ ಕಲಿಕೆಗೆ ಹುಡುಗಿಯಿಂದಲೇ ವಸೂಲಿಗೆ ಇಳಿದಿದ್ದೇವೆ. ತೀವ್ರ ನಿಗಾ ಘಟಕದ ದಿನದ ಬಾಡಿಗೆಯನ್ನು ರೋಗಿಯಿಂದ ಪಡೆಯುವ ಆಸ್ಪತ್ರೆಗೆ, ಆ ಘಟಕವನ್ನು ನಡೆಸುವವಳ ತರಬೇತಿಯ ಖರ್ಚು ಮಾತ್ರ ಭಾರವಾಗುತ್ತದೆ!

ಆದ್ದರಿಂದ ಡಿಪ್ಲೊಮಾಕ್ಕೆ ಹೊರಟ ಹೆಣ್ಣುಮಕ್ಕಳು ಫೀಸು ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಲಿ: ಈ ವರ್ಷ ನನಗೆ ಸಂಬಳವೆಷ್ಟು? ಮುಗಿಸಿದ ಮೇಲೆ ಎಷ್ಟು ಹೆಚ್ಚಿಸುತ್ತೀರಿ? ಉತ್ತರವನ್ನು ಬರವಣಿಗೆಯಲ್ಲಿ ಕೊಡುವ ಆಸ್ಪತ್ರೆಯಾದರೆ ಧೈರ್ಯವಾಗಿ ಸೇರಲಿ. ಬಾಯಿಮಾತಿನಲ್ಲಿ ಭರವಸೆ ಕೊಟ್ಟು, ಬಾಂಡ್ ಪೇಪರನ್ನೂ ಮೂಲ ಸರ್ಟಿಫಿಕೇಟುಗಳನ್ನೂ ಕೇಳಿದರೆ, ಎದ್ದು ಬರಲಿ.