ಕಾಫಿ ಬಿಡಿಸಿದರು, ರಕ್ತ ನೋಡಲಿಲ್ಲ

"ಕಾಫಿ ಬಿಟ್ಟುಬಿಡಿ, ಎಲ್ಲ ಸರಿಹೋಗುತ್ತೆ" ಎಂದು ಡಾಕ್ಟರು ತಲೆ ಎತ್ತದೆಯೇ ಹೇಳಿದರು. ನಾನಿನ್ನೂ ನನ್ನ ಕಷ್ಟವನ್ನು ಪೂರ್ತಿ ಹೇಳಿರಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಡವಡವ ಎನ್ನುವುದು, ರಾತ್ರಿ ಮಲಗಿದಾಗ ಒಂದು ಬಡಿತ ತಪ್ಪಿ ಮುಂದಿನದು ದಡಕ್ಕನೆ ಬೀಳುವುದು, ಇದನ್ನೆಲ್ಲ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡು ಹೋಗಿದ್ದೆ. "ಏನಮ್ಮ, ದಿನಕ್ಕೆ ಎಷ್ಟು ಲೋಟ?" ಎಂದರು. "ಮೂರು" ಎಂದೆ. ಅಲ್ಲಿಗೆ ನನ್ನ ಕಾಯಿಲೆ ತೀರ್ಮಾನವಾಯಿತು.

ಮನೆಯಲ್ಲಿ ಅತ್ತೆಗೆ ಖುಷಿಯೋ ಖುಷಿ. "ನಾನು ಆಗಲೇ ಹೇಳಿರಲಿಲ್ಲವೇ?" ಎಂದರು. ನಮ್ಮ ಮನೆಯ ಮೂರು ಲೋಟದ ಲೆಕ್ಕ ಆ ಡಾಕ್ಟರಿಗೇನು ಗೊತ್ತು! ಫಿಲ್ಟರಿನ ಮೊದಲ ಡಿಕಾಕ್ಷನ್ ಗಂಡಸರಿಗೆ, ಬಂದ ನೆಂಟರಿಗೆ. ಅದೇ ಪುಡಿಗೆ ಮತ್ತೆ ಬಿಸಿನೀರು ಹೊಯ್ದು ಇಳಿಸಿದ್ದು ಹೆಂಗಸರಿಗೆ. ಆ ತೆಳ್ಳನೆಯ ಬಣ್ಣದ ನೀರಿಗೆ ಎದೆ ನಡುಗಿಸುವ ಶಕ್ತಿ ಎಲ್ಲಿಂದ ಬರಬೇಕು?

ಆದರೂ ಬಿಟ್ಟೆ. ಎಂಟು ತಿಂಗಳು ಬಿಟ್ಟೆ. ಎದೆಯ ಹೊಡೆತ ಮಾತ್ರ ಬಿಡಲಿಲ್ಲ.

ಕೊನೆಗೆ ತಾಲ್ಲೂಕು ಆಸ್ಪತ್ರೆಯ ಒಬ್ಬ ಲೇಡಿ ಡಾಕ್ಟರು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಮುಟ್ಟಿನಲ್ಲಿ ಎಷ್ಟು ದಿನ ಹೋಗುತ್ತೆ?" ಎಂದು ಕೇಳಿದರು. ಅಷ್ಟು ದಿನದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8 ಬಂತು. ಹೆಂಗಸರಿಗೆ 12ಕ್ಕಿಂತ ಕಡಿಮೆ ಇರಬಾರದಂತೆ. ಆಮ್ಲಜನಕ ಹೊರುವ ವಸ್ತು ರಕ್ತದಲ್ಲಿ ಕಡಿಮೆಯಾದರೆ, ಇರುವಷ್ಟನ್ನೇ ಬೇಗ ಬೇಗ ಸುತ್ತಿಸಲು ಹೃದಯ ಓಡಲೇಬೇಕು. ಕಬ್ಬಿಣದ ಮಾತ್ರೆ ನುಂಗಿ, ಹೆಚ್ಚು ಹೋಗುತ್ತಿದ್ದುದಕ್ಕೆ ಚಿಕಿತ್ಸೆ ಮಾಡಿಸಿಕೊಂಡ ಮೇಲೆ ಮೆಟ್ಟಿಲು ಮೆಟ್ಟಿಲಿನಂತೆಯೇ ಕಾಣತೊಡಗಿತು.

ಇದು ನನ್ನೊಬ್ಬಳ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಥೈರಾಯ್ಡ್ ಏರಿದರೂ, ಮುಟ್ಟು ನಿಲ್ಲುವ ಕಾಲದಲ್ಲೂ ಎದೆ ಹೀಗೇ ಹಾರುತ್ತದೆ. ಇವನ್ನೆಲ್ಲ ಬಿಟ್ಟು ಲೋಟದ ಮೇಲೆ ಗೂಬೆ ಕೂರಿಸುವುದು ಸುಲಭ, ಖರ್ಚೂ ಇಲ್ಲ.

ಕಾಫಿ ಅಮೃತವೆಂದು ನಾನು ಹೇಳುತ್ತಿಲ್ಲ. 2023ರಲ್ಲಿ ಅಮೆರಿಕದಲ್ಲಿ ನೂರು ಜನರನ್ನು ಎರಡು ವಾರ ಪರೀಕ್ಷಿಸಿದಾಗ, ಕಾಫಿ ಕುಡಿದ ದಿನ ಹೃದಯದ ಮೇಲಿನ ಕೋಣೆಗಳ ಹೆಚ್ಚುವರಿ ಬಡಿತಗಳೇನೂ ಗಮನಿಸುವಷ್ಟು ಏರಲಿಲ್ಲ. ಕೆಳಗಿನ ಕೋಣೆಗಳದು ಏರಿತು, ನಿದ್ದೆ 36 ನಿಮಿಷ ಕಡಿಮೆಯಾಯಿತು. ಇನ್ನು ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಷನ್ ಎಂಬ ಕಾಯಿಲೆಯವರನ್ನೇ 200 ಮಂದಿ ಆರಿಸಿ ನಡೆಸಿದ ಪರೀಕ್ಷೆಯ ವರದಿ 2025ರಲ್ಲಿ ಬಂತು. ಆರು ತಿಂಗಳಲ್ಲಿ ಕಾಯಿಲೆ ಮರುಕಳಿಸಿದ್ದು ಕಾಫಿ ಬಿಟ್ಟವರಲ್ಲಿ ನೂರಕ್ಕೆ 64, ಕುಡಿದವರಲ್ಲಿ 47! ಕಾಫಿಯ ನಿಜವಾದ ತಪ್ಪು ಬೇರೆಯೇ ಇದೆ. ಊಟದ ಜೊತೆಗೋ ಊಟವಾದ ಕೂಡಲೆಯೋ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಹತ್ತದಂತೆ ಕಾಫಿ, ಟೀ ಎರಡೂ ತಡೆಯುತ್ತವೆ. ಆ ಡಾಕ್ಟರು ಇದನ್ನಾದರೂ ಹೇಳಬಹುದಿತ್ತು.

ತಾಳ ತಪ್ಪಿಸುವ ಪಾನೀಯ ಬೇರೆ ಇದೆ, ಅದನ್ನು ಯಾರೂ ಬಿಡಿಸುವುದಿಲ್ಲ. ರಜೆಯಲ್ಲಿ ಮಿತಿಮೀರಿ ಕುಡಿದು ಎದೆಬಡಿತ ಕೆಟ್ಟು ಆಸ್ಪತ್ರೆಗೆ ಬರುವವರನ್ನು ಕಂಡು ಅಮೆರಿಕದ ಡಾಕ್ಟರುಗಳು 1978ರಲ್ಲೇ ಅದಕ್ಕೆ 'ಹಾಲಿಡೇ ಹಾರ್ಟ್' ಎಂದು ಹೆಸರಿಟ್ಟರು. ನಮ್ಮ ಮೈದುನನ ಶನಿವಾರದ ಬಾಟಲಿಗೆ ಮಾತ್ರ "ಗಂಡಸರು, ದುಡಿದು ದಣಿದಿರ್ತಾರೆ" ಎಂಬ ರಿಯಾಯಿತಿ. ಕಳೆದ ವರ್ಷ ಅವನಿಗೂ ಎದೆ ಹಾರಿತು. ಅದೇ ಡಾಕ್ಟರು ಇ.ಸಿ.ಜಿ. ತೆಗೆಸಿದರು, ರಕ್ತ ತೆಗೆಸಿದರು, ಜಿಲ್ಲಾಸ್ಪತ್ರೆಗೆ ಚೀಟಿ ಬರೆದರು. ಎಲ್ಲವೂ ಸರಿಯೇ. ಅದರಲ್ಲಿ ಅರ್ಧವನ್ನು ನನಗೂ ಮಾಡಬಹುದಿತ್ತು ಎಂದಷ್ಟೇ ನನ್ನ ತಕರಾರು.

ಈಗ ನಾನು ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಏಳುತ್ತೇನೆ. ಮೊದಲ ಡಿಕಾಕ್ಷನ್ ನನ್ನ ಲೋಟಕ್ಕೆ. ಅತ್ತೆ ಎರಡು ದಿನ ನೋಡಿದರು. ಮೂರನೆಯ ದಿನ ತಮ್ಮ ಲೋಟವನ್ನೂ ತಂದು ಪಕ್ಕದಲ್ಲಿಟ್ಟರು.