ಜ್ವರ ಹೋಯ್ತು, ನೋವು ಹೋಗಲಿಲ್ಲವೇ? ಗುಳಿಗಿ ಯಾವುದೆಂದು ಕೇಳಿ!

ಮಳೆಗಾಲ ಬಂತೆಂದರೆ ಚಿಕೂನ್‌ಗುನ್ಯಾದ ಭಯ. 2006ರಲ್ಲಿ ನಮ್ಮ ರಾಜ್ಯದಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾಗಿದ್ದವು. ಈ ಜ್ವರ ವಾರದೊಳಗೆ ಇಳಿದರೂ ಕೀಲುನೋವು ತಿಂಗಳುಗಟ್ಟಲೆ ಕಾಡಬಹುದು. ತುಂಗಭದ್ರಾ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಸಿದ್ದಾಪುರ, ಕಾರಟಗಿ ಕಡೆಯ ಹೆಣ್ಣುಮಕ್ಕಳಿಗೆ ನಾಟಿ ಸಮಯದಲ್ಲಿ ಮನೇಲಿ ಕೂತರೆ ಕೂಲಿ ಇಲ್ಲ. 'ಒಂದ್ ಗುಳಿಗಿ ಕೊಡ್ರಿ, ನಾಳೆ ಗದ್ದೆಗೆ ಹೋಗ್ಬೇಕು' ಅಂತ ಕೇಳುವುದು ಸಹಜವೇ. ಆದರೆ ಆ ಗುಳಿಗಿ ಯಾವುದು?

ಮೊದಲು ಮೈಯೊಳಗೆ ಏನಾಗುತ್ತದೆ ನೋಡಿ. ವೈರಾಣು ಹೊಕ್ಕಾಗ ರೋಗನಿರೋಧಕ ಕಣಗಳು ಸೈಟೊಕೈನ್ ಎಂಬ ರಾಸಾಯನಿಕಗಳ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಇಂಟರ್‌ಲ್ಯೂಕಿನ್-1 ಇವುಗಳಲ್ಲೊಂದು. ಇದು ಮಿದುಳಿನ ಹೈಪೊಥಾಲಮಸ್ ಭಾಗವನ್ನು ಎಚ್ಚರಿಸುತ್ತದೆಂದು 1987ರಲ್ಲೇ ಇಲಿಗಳ ಮೇಲಿನ ಅಧ್ಯಯನಗಳು ತೋರಿಸಿದವು. ಅಲ್ಲಿಂದ ಪಿಟ್ಯುಟರಿ ಗ್ರಂಥಿಗೆ, ಅದರಿಂದ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಆಜ್ಞೆ ಹೋಗುತ್ತದೆ. ಆಗ ಕಾರ್ಟಿಸಾಲ್ ಹಾರ್ಮೋನ್ ಹೆಚ್ಚಾಗಿ, ಉರಿಯೂತ ಮಿತಿಮೀರದಂತೆ ತಡೆಯುತ್ತದೆ. ಜ್ವರದಲ್ಲಿ ಊಟ ಬೇಡವಾಗೋದು, ಮಲಗಿಬಿಡೋಣ ಅನ್ನಿಸೋದು ಇದೇ ಸೈಟೊಕೈನ್‌ಗಳ ಪ್ರಭಾವ. ಅದು ಸೋಮಾರಿತನವಲ್ಲ, ಅತ್ತೆಯವರಿಗೂ ಹೇಳಿ!

ಈಗ ಗುಳಿಗಿಯ ವಿಷಯ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್ ಕಾರ್ಟಿಸಾಲ್‌ನಂತೆಯೇ ಕೆಲಸ ಮಾಡುವ ಸ್ಟೀರಾಯ್ಡ್‌ಗಳು. ನೋವು ಬೇಗ ಇಳಿಯುತ್ತದೆ, ನಿಜ. ಆದರೆ ಕೆಲವು ವಾರ ಬಿಡದೆ ನುಂಗಿದರೆ, 'ಹೊರಗಿನಿಂದಲೇ ಬರ್ತಿದೆಯಲ್ಲ' ಎಂದು ಮಿದುಳು ಆಜ್ಞೆ ಕೊಡುವುದನ್ನೇ ಕಡಿಮೆ ಮಾಡುತ್ತದೆ. ಅಡ್ರಿನಲ್ ಮಂಕಾಗುತ್ತದೆ. ಆಗ ಗುಳಿಗಿ ಥಟ್ಟನೆ ನಿಲ್ಲಿಸಿದರೆ ವಾಂತಿ, ತಲೆಸುತ್ತು, ಬಿಪಿ ಕುಸಿತ. ಒಮ್ಮೊಮ್ಮೆ ಜೀವಕ್ಕೇ ಅಪಾಯ.

ಸ್ಟೀರಾಯ್ಡ್ ಕೆಟ್ಟದ್ದೆಂದಲ್ಲ. 2020ರಲ್ಲಿ ಬ್ರಿಟನ್ನಿನಲ್ಲಿ ನಡೆದ ಪ್ರಯೋಗದಲ್ಲಿ ಡೆಕ್ಸಾಮೆಥಸೋನ್, ಆಕ್ಸಿಜನ್ ಮೇಲಿದ್ದ ಕೋವಿಡ್ ರೋಗಿಗಳ ಜೀವ ಉಳಿಸಿತು. ಆಕ್ಸಿಜನ್ ಬೇಡದವರಿಗೆ ಉಪಯೋಗವಾಗಲಿಲ್ಲ. ಯಾರಿಗೆ, ಯಾವಾಗ, ಎಷ್ಟು ದಿನ ಎಂಬುದೇ ಮುಖ್ಯ.

ನೀವೇನು ಮಾಡಬೇಕು?

* ಬಿಡಿ ಗುಳಿಗಿ ಬೇಡ. ಹೆಸರಿರುವ ಪಟ್ಟಿ, ಚೀಟಿ ಕೇಳಿ ಪಡೆಯಿರಿ.
* ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್ ಬೇಡ. ವೈದ್ಯರು ಹೇಳಿದಷ್ಟೇ ಪ್ಯಾರಾಸಿಟಮಾಲ್ ಸಾಕು.
* ಮುಖ ಊದಿಕೊಂಡಿದೆಯೇ, ಸಕ್ಕರೆ ಅಂಶ ಏರಿದೆಯೇ? ನುಂಗುತ್ತಿರುವ ಗುಳಿಗಿಯನ್ನು ವೈದ್ಯರಿಗೆ ತೋರಿಸಿ.
* ವಾರಗಟ್ಟಲೆ ಸ್ಟೀರಾಯ್ಡ್ ತಗೊಂಡಿದ್ದರೆ ನೀವೇ ನಿಲ್ಲಿಸಬೇಡಿ. ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ.
* ಬೇರೆ ಕಾಯಿಲೆ, ಆಪರೇಷನ್ ಎಂದು ಆಸ್ಪತ್ರೆಗೆ ಹೋದಾಗಲೂ ಈ ವಿಷಯ ಮುಚ್ಚಿಡಬೇಡಿ.

ಒಂದು ದಿನದ ಕೂಲಿ ದೊಡ್ಡದೇ. ಆದರೆ ಅದನ್ನು ದುಡಿಯುವ ಮೈ ಅದಕ್ಕಿಂತ ದೊಡ್ಡದು, ಅಲ್ಲವೇ?